ಮುಂಬಯಿಯ ಎನ್‌ಜಿಎಂಎಯಲ್ಲಿ ಈಗ ಯಾವ ಪ್ರದರ್ಶನ? ತಿಳಿದುಕೊಳ್ಳುವುದು ಹೇಗೆ, ನೋಡುವುದು ಹೇಗೆ

"ಮಾಡರ್ನ್ ಆರ್ಟ್ ಮ್ಯೂಸಿಯಂನಲ್ಲಿ ಈಗ ಏನಿದೆ? ಮುಂದಿನ ತಿಂಗಳು ಏನು ಬರುತ್ತದೆ?" ಡೊಂಬಿವಲಿ, ಮುಲುಂಡ್, ಮೀರಾ ರೋಡ್ ಕಡೆಯ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಊರಿನಿಂದ ನೆಂಟರು ಬಂದಾಗ, ಮಕ್ಕಳಿಗೆ ರಜೆ ಬಿದ್ದಾಗ ಇನ್ನೂ ಜಾಸ್ತಿ.

ಇವತ್ತು ನಾನೊಂದು ಪಟ್ಟಿ ಕೊಟ್ಟರೆ ನೀವು ಓದುವ ಹೊತ್ತಿಗೆ ಅದರಲ್ಲಿ ಅರ್ಧ ಮುಗಿದಿರುತ್ತದೆ. ಹಾಗಾಗಿ ಪಟ್ಟಿ ಕೊಡುತ್ತಿಲ್ಲ. ಯಾವ ತಿಂಗಳಲ್ಲಾದರೂ ನೀವೇ ಹತ್ತು ನಿಮಿಷದಲ್ಲಿ ಕಂಡುಕೊಳ್ಳುವ ದಾರಿ ಹೇಳುತ್ತೇನೆ. ಅಲ್ಲಿಗೆ ಹೋದ ಮೇಲೆ ದಿಕ್ಕು ತಪ್ಪದೆ ನೋಡುವುದು ಹೇಗೆ ಎಂಬುದನ್ನೂ ಸೇರಿಸಿದ್ದೇನೆ.

ಬೇಕಾದದ್ದು ಜಾಸ್ತಿ ಏನಿಲ್ಲ. ಇಂಟರ್ನೆಟ್ ಇರುವ ಫೋನು, ಒಂದು ಗುರುತಿನ ಚೀಟಿ, ಸ್ವಲ್ಪ ಚಿಲ್ಲರೆ ದುಡ್ಡು, ಮೆಟ್ಟಿಲು ಹತ್ತಲು ಅನುಕೂಲವಾದ ಚಪ್ಪಲಿ, ಕನಿಷ್ಠ ಒಂದೂವರೆ ಗಂಟೆ ಬಿಡುವು. ಚಿತ್ರಕಲೆ ಓದಿರಬೇಕಾಗಿಲ್ಲ.

1. ಮೊದಲು ಕಟ್ಟಡವನ್ನು ಸರಿಯಾಗಿ ಗುರುತಿಸಿ

ಮುಂಬಯಿಯಲ್ಲಿ ಮಾಡರ್ನ್ ಆರ್ಟ್ ಮ್ಯೂಸಿಯಂ ಅಂದರೆ ನ್ಯಾಷನಲ್ ಗ್ಯಾಲರಿ ಆಫ್ ಮಾಡರ್ನ್ ಆರ್ಟ್. ಎಲ್ಲರೂ ಎನ್‌ಜಿಎಂಎ ಎನ್ನುತ್ತಾರೆ. ಕೇಂದ್ರ ಸರ್ಕಾರದ ಸಂಸ್ಥೆ. ಫೋರ್ಟ್‌ನ ಮಹಾತ್ಮಾ ಗಾಂಧಿ ರಸ್ತೆಯಲ್ಲಿ, ರೀಗಲ್ ಸಿನಿಮಾದ ಸರ್ಕಲ್‌ಗೆ ತಾಗಿಕೊಂಡೇ ಇದೆ. ಕಟ್ಟಡದ ಹೆಸರು ಸರ್ ಕಾವಸ್‌ಜಿ ಜಹಾಂಗೀರ್ ಪಬ್ಲಿಕ್ ಹಾಲ್. 1911ರದ್ದು. ಗೇಟ್‌ವೇ ಆಫ್ ಇಂಡಿಯಾವನ್ನೂ ಎದುರಿನ ದೊಡ್ಡ ಮ್ಯೂಸಿಯಂ ಅನ್ನೂ ವಿನ್ಯಾಸ ಮಾಡಿದ ಜಾರ್ಜ್ ವಿಟೆಟ್ ಅವರೇ ಇದರ ವಾಸ್ತುಶಿಲ್ಪಿ. ಹಿಂದೆ ಇಲ್ಲಿ ರಾಜಕೀಯ ಸಭೆ, ಸಂಗೀತ ಕಛೇರಿ, ಮದುವೆ ಎಲ್ಲ ನಡೆಯುತ್ತಿದ್ದವು. ಒಳಗನ್ನು ಪೂರ್ತಿ ಬದಲಾಯಿಸಿ, ಗ್ಯಾಲರಿಯಾಗಿ ತೆರೆದದ್ದು 1996ರಲ್ಲಿ.

ಎಚ್ಚರ: ಈ ಜಾಗದಲ್ಲಿ ನಾಲ್ಕು ಹೆಜ್ಜೆಗೊಬ್ಬ ಜಹಾಂಗೀರ್ ಸಿಗುತ್ತಾನೆ. ಕಾವಸ್‌ಜಿ ಜಹಾಂಗೀರ್ ಹಾಲ್ ಅಂದರೆ ಎನ್‌ಜಿಎಂಎ. ಜಹಾಂಗೀರ್ ಆರ್ಟ್ ಗ್ಯಾಲರಿ ಬೇರೆ. ಅದು ಕಾಲಾ ಘೋಡಾ ಕಡೆಗಿದೆ, 1952ರಲ್ಲಿ ಶುರುವಾದದ್ದು. ಮೂರನೆಯದು ಜಹಾಂಗೀರ್ ನಿಕಲ್ಸನ್ ಸಂಗ್ರಹ. ಅದು ಎದುರಿನ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯದ ಒಳಗಿದೆ. ಮೂರರಲ್ಲೂ ಆಧುನಿಕ ಚಿತ್ರಕಲೆಯೇ. ಮೂರಕ್ಕೂ ವೇಳಾಪಟ್ಟಿ ಬೇರೆ, ಪ್ರವೇಶದ ನಿಯಮ ಬೇರೆ. ಪೇಪರಿನಲ್ಲಿ "ಜಹಾಂಗೀರ್‌ನಲ್ಲಿ ಪ್ರದರ್ಶನ" ಎಂದಷ್ಟೇ ಇದ್ದರೆ ಸಾಮಾನ್ಯವಾಗಿ ಅದು ಜಹಾಂಗೀರ್ ಆರ್ಟ್ ಗ್ಯಾಲರಿ.

ಟ್ಯಾಕ್ಸಿಯವರಿಗೆ "ಮ್ಯೂಸಿಯಂ" ಎಂದರೆ ವಸ್ತು ಸಂಗ್ರಹಾಲಯದ ಗೇಟಿಗೆ ಬಿಡುತ್ತಾರೆ. "ಎನ್‌ಜಿಎಂಎ" ಎಂದರೆ ಎಷ್ಟೋ ಜನಕ್ಕೆ ಗೊತ್ತಾಗುವುದಿಲ್ಲ. "ರೀಗಲ್" ಎನ್ನಿ, ಸಾಕು.

2. ಈಗ ಏನಿದೆ ಎಂದು ಖಚಿತ ಮಾಡಿಕೊಳ್ಳಿ

ಜಾಸ್ತಿ ಜನ ಎಡವುವುದು ಇಲ್ಲೇ. ಅದಕ್ಕೆ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಎನ್‌ಜಿಎಂಎ ಮುಂಬಯಿ ಮುಖ್ಯವಾಗಿ ತಾತ್ಕಾಲಿಕ ಪ್ರದರ್ಶನಗಳ ಜಾಗ. ಒಂದು ಪ್ರದರ್ಶನ ಬರುತ್ತದೆ, ಹಲವು ವಾರ ಇರುತ್ತದೆ, ಹೋಗುತ್ತದೆ. ಬಹಳ ಸಲ ಒಂದೇ ಪ್ರದರ್ಶನ ಇಡೀ ಕಟ್ಟಡ ತುಂಬಿರುತ್ತದೆ. ಯಾವತ್ತು ಹೋದರೂ ಹುಸೇನ್, ರಝಾ ಅವರಂಥ ಹೆಸರಾಂತ ಕಲಾವಿದರ ಚಿತ್ರಗಳು ಗೋಡೆಯ ಮೇಲಿರುತ್ತವೆ ಎಂಬ ನಿರೀಕ್ಷೆ ಇಟ್ಟುಕೊಂಡು ಹೋಗಬೇಡಿ. ಸಂಸ್ಥೆಯ ಬಳಿ ಯಾವ ಕಲಾವಿದರ ಕೃತಿ ಇದೆ ಎಂಬುದು ಒಂದು. ಇವತ್ತು ಗೋಡೆಯ ಮೇಲೆ ಏನಿದೆ ಎಂಬುದು ಇನ್ನೊಂದು.

ಎರಡು ಪ್ರದರ್ಶನಗಳ ನಡುವೆ ಗ್ಯಾಲರಿ ಖಾಲಿ ಇರುತ್ತದೆ. ಹಳೆಯ ಚಿತ್ರ ಇಳಿಸಬೇಕು, ಪ್ಯಾಕ್ ಮಾಡಬೇಕು, ಗೋಡೆಗೆ ಬಣ್ಣ ಬಳಿಯಬೇಕು, ಹೊಸದನ್ನು ತೂಗಬೇಕು, ದೀಪ ಹೊಂದಿಸಬೇಕು. ಈ ಕೆಲಸಕ್ಕೆ ದಿನಗಳೇ ಹಿಡಿಯುತ್ತವೆ. ಆ ದಿನಗಳಲ್ಲಿ ವಾರದ ರಜೆಯ ಸೋಮವಾರ ಅಲ್ಲದಿದ್ದರೂ, ಹಬ್ಬ ಅಲ್ಲದಿದ್ದರೂ ನೋಡಲು ಏನೂ ಇರುವುದಿಲ್ಲ. ಗೂಗಲ್ ಮ್ಯಾಪ್ ಮಾತ್ರ "ಓಪನ್" ಎಂದೇ ತೋರಿಸುತ್ತಿರುತ್ತದೆ. ಅದನ್ನು ನಂಬಬೇಡಿ. ಅದಕ್ಕೆ ಗೊತ್ತಿರುವುದು ವಾರದ ವೇಳಾಪಟ್ಟಿ ಮಾತ್ರ.

ಹೀಗೆ ಮಾಡಿ:

ಮೊದಲು ಅಧಿಕೃತ ವೆಬ್‌ಸೈಟ್ ತೆರೆಯಿರಿ: ಎನ್‌ಜಿಎಂಎಇಂಡಿಯಾ ಡಾಟ್ ಗವ್ ಡಾಟ್ ಇನ್. ಅದರಲ್ಲಿ ಮುಂಬಯಿ ಶಾಖೆಯ ಪುಟಕ್ಕೆ ಹೋಗಿ. ಎನ್‌ಜಿಎಂಎಗೆ ಮೂರು ಊರಲ್ಲಿ ಮನೆ ಇದೆ. ದಿಲ್ಲಿಯ ಜೈಪುರ್ ಹೌಸ್ ಹಿರಿಯದು, 1954ರದ್ದು. ಮುಂಬಯಿ 1996ರದ್ದು. ಬೆಂಗಳೂರಿನ ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್ 2009ರದ್ದು. ಸುಮ್ನೆ "ಎನ್‌ಜಿಎಂಎ ಎಕ್ಸಿಬಿಷನ್" ಎಂದು ಹುಡುಕಿದರೆ ದಿಲ್ಲಿಯ ಸುದ್ದಿ ಮೊದಲು ಬರುತ್ತದೆ. ನಮ್ಮವರ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುವ ಪೋಸ್ಟರ್ ಬೆಂಗಳೂರಿನದ್ದಾಗಿರುವ ಸಾಧ್ಯತೆಯೂ ಚೆನ್ನಾಗಿಯೇ ಇದೆ. ಪೋಸ್ಟರಿನ ಕೆಳಗೆ ಸಣ್ಣ ಅಕ್ಷರದ ವಿಳಾಸ ನೋಡಿ. ಅಲ್ಲಿ ಫೋರ್ಟ್ ಅಥವಾ ಮಹಾತ್ಮಾ ಗಾಂಧಿ ರಸ್ತೆ, ಮುಂಬಯಿ ಎಂದಿರಬೇಕು. ಎಂ.ಜಿ. ರೋಡ್ ಬೆಂಗಳೂರಲ್ಲೂ ಇದೆ, ಆದ್ದರಿಂದ ಊರ ಹೆಸರು ನೋಡಲು ಮರೆಯಬೇಡಿ.

ಆಮೇಲೆ ದಿನಾಂಕ. ಶುರುವಾದ ದಿನಕ್ಕಿಂತ ಮುಗಿಯುವ ದಿನ ಮುಖ್ಯ. ವರ್ಷವನ್ನೂ ನೋಡಿ. ಸರ್ಕಾರಿ ವೆಬ್‌ಸೈಟ್‌ಗಳಲ್ಲಿ ಹಳೆಯ ಪ್ರದರ್ಶನದ ಬ್ಯಾನರ್ ತಿಂಗಳುಗಟ್ಟಲೆ ಹಾಗೇ ಉಳಿದಿರುವುದು ಹೊಸ ಸಂಗತಿ ಏನಲ್ಲ.

ಮೂರನೆಯದಾಗಿ, ಎನ್‌ಜಿಎಂಎ ಮುಂಬಯಿಯ ಸೋಷಿಯಲ್ ಮೀಡಿಯಾ ಖಾತೆ ನೋಡಿ. ಈ ವಾರದ ಪೋಸ್ಟ್ ಇದ್ದರೆ, ಅದರಲ್ಲಿ ಜನ ಚಿತ್ರ ನೋಡುತ್ತಿರುವ ಫೋಟೋ ಇದ್ದರೆ, ಪ್ರದರ್ಶನ ನಡೆಯುತ್ತಿದೆ ಎಂದರ್ಥ. "ಎಕ್ಸ್‌ಟೆಂಡೆಡ್" ಎಂಬ ಪದ ಕಂಡರೆ ಅವಧಿ ವಿಸ್ತರಿಸಿದ್ದಾರೆ. ಆ ಪ್ರದರ್ಶನದ ಕಲಾವಿದರು ಅಥವಾ ಕ್ಯುರೇಟರ್ (ಪ್ರದರ್ಶನ ರೂಪಿಸುವವರು) ತಮ್ಮ ಖಾತೆಯಲ್ಲಿ ಹಾಕುವ ಸುದ್ದಿ ಸಂಸ್ಥೆಯ ಸುದ್ದಿಗಿಂತ ಬೇಗ ಬರುವುದುಂಟು.

ಕೊನೆಗೆ ಫೋನು. ವೆಬ್‌ಸೈಟ್‌ನಲ್ಲಿರುವ ಕಚೇರಿ ನಂಬರಿಗೆ ಕೆಲಸದ ದಿನ ಹಗಲು ಹೊತ್ತು ಕರೆ ಮಾಡಿ. ಎರಡೇ ಪ್ರಶ್ನೆ ಕೇಳಿ: "ಶನಿವಾರ ಪ್ರದರ್ಶನ ಇದೆಯಾ? ಎಲ್ಲ ಮಹಡಿಗಳೂ ತೆರೆದಿವೆಯಾ?" ಎರಡನೆಯ ಪ್ರಶ್ನೆ ಬಿಡಬೇಡಿ. ಕೆಲವೊಮ್ಮೆ ಕೆಳಗೆ ಒಂದು ಪ್ರದರ್ಶನ ನಡೆಯುತ್ತಿರುತ್ತದೆ, ಮೇಲೆ ಕೆಲಸ ನಡೆಯುತ್ತಿರುತ್ತದೆ.

ಇಷ್ಟೆಲ್ಲ ಬೇಕಾ ಅನ್ನಿಸಬಹುದು. ಕರ್ಜತ್ ಲೋಕಲ್‌ನಲ್ಲಿ ಬಂದು ಬೀಗ ನೋಡಿಕೊಂಡು ವಾಪಸ್ ಹೋಗುವುದಕ್ಕಿಂತ ಒಂದು ಕರೆ ಸುಲಭ, ಅಲ್ವಾ? ಘೋಷಿಸಿದ ಪ್ರದರ್ಶನವೂ ಹಠಾತ್ತಾಗಿ ನಿಲ್ಲಬಹುದು. 2020ರ ಮಾರ್ಚ್‌ನಲ್ಲಿ ಚಿತ್ರಕಲಾವಿದ ಮೆಹ್ಲಿ ಗೋಭಾಯಿ ಅವರ ದೊಡ್ಡ ಪ್ರದರ್ಶನ ಇಲ್ಲಿ ತೆರೆದ ಬೆನ್ನಿಗೇ ಲಾಕ್‌ಡೌನ್ ಬಂತು.

3. ಮುಂದೆ ಏನು ಬರಲಿದೆ ಎಂದು ಅಂದಾಜು ಮಾಡುವುದು

ವಿದೇಶದ ದೊಡ್ಡ ಮ್ಯೂಸಿಯಂಗಳು ಒಂದು ವರ್ಷದ ಪಟ್ಟಿಯನ್ನು ಮೊದಲೇ ಪ್ರಕಟಿಸುತ್ತವೆ. ಇಲ್ಲಿ ಅಷ್ಟು ಮುಂಚೆ ಸುದ್ದಿ ಸಿಗುವುದು ಕಡಿಮೆ. ಎಷ್ಟೋ ಸಲ ಉದ್ಘಾಟನೆಗೆ ಕೆಲವೇ ದಿನ ಇರುವಾಗ ಆಮಂತ್ರಣ ಪತ್ರ ಹೊರಬರುತ್ತದೆ. ಇದು ನನಗೆ ಇಷ್ಟವಿಲ್ಲದ ಪದ್ಧತಿ. ಬೆಂಗಳೂರಿನಿಂದ, ಉಡುಪಿಯಿಂದ ಬರುವವರು ಉದ್ಯಾನ್ ಎಕ್ಸ್‌ಪ್ರೆಸ್, ಮತ್ಸ್ಯಗಂಧ ಎಂದು ವಾರಗಳ ಮೊದಲೇ ಟಿಕೆಟ್ ಮಾಡಿಸಿರುತ್ತಾರೆ. ಅವರು ಏನು ಮಾಡಬೇಕು?

ವರ್ಷದ ಲಯ ಗೊತ್ತಿದ್ದರೆ ಅರ್ಧ ಕೆಲಸ ಆದ ಹಾಗೆ. ಮುಂಬಯಿಯ ಕಲಾಲೋಕಕ್ಕೆ ಸೀಸನ್ ಅಂದರೆ ದೀಪಾವಳಿ ಆಸುಪಾಸಿನಿಂದ ಮಾರ್ಚ್‌ವರೆಗೆ. ನವೆಂಬರ್‌ನಲ್ಲಿ ಆರ್ಟ್ ಮುಂಬಯಿ ಎಂಬ ಮೇಳ ಇರುತ್ತದೆ. 2023ರಲ್ಲಿ ಮಹಾಲಕ್ಷ್ಮಿ ರೇಸ್‌ಕೋರ್ಸ್‌ನಲ್ಲಿ ಶುರುವಾಯಿತು. ಜನವರಿಯಲ್ಲಿ ಮುಂಬಯಿ ಗ್ಯಾಲರಿ ವೀಕೆಂಡ್. ಆ ವಾರ ಕೊಲಾಬಾ ಮತ್ತು ಫೋರ್ಟ್‌ನ ಖಾಸಗಿ ಗ್ಯಾಲರಿಗಳು ತಮ್ಮ ಒಳ್ಳೆಯ ಪ್ರದರ್ಶನಗಳನ್ನು ಒಟ್ಟಿಗೆ ತೆರೆಯುತ್ತವೆ. ಫೆಬ್ರವರಿಯಲ್ಲಿ ಕಾಲಾ ಘೋಡಾ ಆರ್ಟ್ಸ್ ಫೆಸ್ಟಿವಲ್. ಅದು 1999ರಿಂದ ನಡೆದುಕೊಂಡು ಬಂದಿದೆ. ಎನ್‌ಜಿಎಂಎಯ ದೊಡ್ಡ ಪ್ರದರ್ಶನಗಳೂ ಬಹುತೇಕ ಈ ತಿಂಗಳುಗಳ ಸುತ್ತಲೇ ಬರುತ್ತವೆ. ಠಾಣೆಯಲ್ಲಿ ರೇಡಿಯಾಲಜಿಸ್ಟ್ ಆಗಿದ್ದುಕೊಂಡೇ ಈ ನಗರದ ದುಡಿಯುವ ಜನರನ್ನು ಚಿತ್ರಿಸಿದ ಸುಧೀರ್ ಪಟವರ್ಧನ್ ಅವರ ಪ್ರದರ್ಶನ ತೆರೆದದ್ದು 2019ರ ಕೊನೆಯಲ್ಲಿ, ಮುಗಿದದ್ದು 2020ರ ಆರಂಭದಲ್ಲಿ. ಇನ್ನೊಬ್ಬ ಚಿತ್ರಕಲಾವಿದ ಪ್ರಭಾಕರ ಬರ್ವೆ ಅವರದ್ದು ತೆರೆದದ್ದು 2019ರ ಫೆಬ್ರವರಿಯಲ್ಲಿ.

ಹಾಗಾಗಿ ಬರುವ ದಿನ ನಿಮ್ಮ ಕೈಯಲ್ಲಿದ್ದರೆ ಡಿಸೆಂಬರ್‌ನಿಂದ ಫೆಬ್ರವರಿ ನಡುವೆ ಬನ್ನಿ. ಒಂದು ಮಾತು: ಕಾಲಾ ಘೋಡಾ ಉತ್ಸವದ ಶನಿವಾರ, ಭಾನುವಾರ ಆ ಬೀದಿಯಲ್ಲಿ ಕಾಲಿಡಲೂ ಜಾಗ ಇರುವುದಿಲ್ಲ. ಶಾಂತವಾಗಿ ಚಿತ್ರ ನೋಡಬೇಕೆಂದರೆ ಆ ದಿನಗಳನ್ನು ಬಿಟ್ಟು ಬೇರೆ ದಿನ ಹುಡುಕಿ.

ಜೂನ್‌ನಿಂದ ಸೆಪ್ಟೆಂಬರ್ ಮಂದ ಕಾಲ. ಜೋರು ಮಳೆಯ ದಿನ ಲೋಕಲ್ ನಿಂತರೆ ಎಲ್ಲವೂ ನಿಂತಂತೆಯೇ.

ದಿಲ್ಲಿಯಲ್ಲಿ ಅಥವಾ ಬೆಂಗಳೂರಿನಲ್ಲಿ ಈಗ ನಡೆಯುತ್ತಿರುವ ಎನ್‌ಜಿಎಂಎ ಪ್ರದರ್ಶನದ ಮೇಲೂ ಕಣ್ಣಿಡಿ. ಕೆಲವು ಪ್ರದರ್ಶನಗಳು ಊರಿಂದ ಊರಿಗೆ ಹೋಗುತ್ತವೆ. ಎಲ್ಲವೂ ಬರುತ್ತವೆ ಎಂದು ಮಾತ್ರ ಕಾದು ಕೂರಬೇಡಿ.

4. ಪ್ರಕಟಣೆಯಲ್ಲಿರುವ ಪದಗಳು

ಆಮಂತ್ರಣ ಪತ್ರ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಇರುತ್ತದೆ. ಕೆಲವು ಪದ ಗೊತ್ತಿದ್ದರೆ ಹೋಗಬೇಕೋ ಬೇಡವೋ ಎಂದು ಅಲ್ಲೇ ನಿರ್ಧರಿಸಬಹುದು.

ರೆಟ್ರೋಸ್ಪೆಕ್ಟಿವ್ ಎಂದರೆ ಒಬ್ಬ ಕಲಾವಿದರ ಜೀವಮಾನದ ಕೆಲಸವನ್ನು ಒಟ್ಟಿಗೆ ತೋರಿಸುವುದು. ಮೊದಲ ಸಲ ಹೋಗುವವರಿಗೆ ನನ್ನ ಶಿಫಾರಸು ಇದೇ. ಹುಡುಗಾಟದ ಕಾಲದ ಚಿತ್ರದಿಂದ ಮುಪ್ಪಿನವರೆಗೆ ಒಬ್ಬ ಮನುಷ್ಯನ ಕೈ ಹೇಗೆ ಬದಲಾಯಿತು ಎಂಬುದು ಯಾರೂ ವಿವರಿಸದೆಯೂ ಕಾಣುತ್ತದೆ. ಗ್ರೂಪ್ ಶೋ ಎಂದರೆ ಹಲವರ ಕೃತಿಗಳು. ರುಚಿ ನೋಡಲು ಒಳ್ಳೆಯದು, ಆದರೆ ಗುಣ ಏರುಪೇರು. ಸೋಲೋ ಎಂದರೆ ಒಬ್ಬರದ್ದೇ, ಸಾಮಾನ್ಯವಾಗಿ ಹೊಸ ಕೃತಿಗಳು.

ಕ್ಯುರೇಟರ್ ಎಂದರೆ ಯಾವ ಕೃತಿ ಇರಬೇಕು, ಯಾವುದರ ಪಕ್ಕ ಯಾವುದು ಇರಬೇಕು, ಗೋಡೆಯ ಮೇಲಿನ ಬರಹ ಏನು ಹೇಳಬೇಕು ಎಂದು ತೀರ್ಮಾನಿಸುವವರು. ಪಟವರ್ಧನ್ ಪ್ರದರ್ಶನಕ್ಕೆ ನ್ಯಾನ್ಸಿ ಅದಜಾನಿಯಾ ಕ್ಯುರೇಟರ್ ಆಗಿದ್ದರು. ಒಬ್ಬ ಕ್ಯುರೇಟರ್ ಮಾಡಿದ್ದು ನಿಮಗೆ ಹಿಡಿಸಿದರೆ ಆ ಹೆಸರು ಬರೆದಿಟ್ಟುಕೊಳ್ಳಿ. ಮುಂದೆ ಕಲಾವಿದರ ಹೆಸರು ಗೊತ್ತಿಲ್ಲದಿದ್ದರೂ ಆ ಹೆಸರಿನ ಮೇಲೆ ನಂಬಿಕೆ ಇಟ್ಟು ಹೋಗಬಹುದು.

ವಾಕ್‌ಥ್ರೂ ಎಂದರೆ ಕ್ಯುರೇಟರ್ ಅಥವಾ ಕಲಾವಿದರು ನಮ್ಮ ಜೊತೆ ನಡೆಯುತ್ತಾ ವಿವರಿಸುವುದು. ಇದು ಇದ್ದರೆ ಬಿಡಲೇಬೇಡಿ. ಕೆಲವಕ್ಕೆ ಮೊದಲೇ ಹೆಸರು ಕೊಡಬೇಕಾಗುತ್ತದೆ, ಪ್ರಕಟಣೆ ಪೂರ್ತಿ ಓದಿ.

ಪ್ರಿವ್ಯೂ ಅಥವಾ ಓಪನಿಂಗ್ ಎಂದರೆ ಉದ್ಘಾಟನೆಯ ಸಂಜೆ. ಭಾಷಣ, ಸಮೋಸ, ಪರಿಚಯದವರ ಗುಂಪು. ಚಿತ್ರಕ್ಕಿಂತ ಜನರ ಬೆನ್ನು ಜಾಸ್ತಿ ಕಾಣುತ್ತದೆ. ಕೆಲವೊಮ್ಮೆ ಆಹ್ವಾನಿತರಿಗೆ ಮಾತ್ರ. ನೋಡಲು ಹೋಗುವವರು ಮರುದಿನ ಹೋಗಿ.

5. ದಿನ ಮತ್ತು ದಾರಿ

ಎನ್‌ಜಿಎಂಎಗೆ ಸೋಮವಾರ ರಜೆ. ರಾಷ್ಟ್ರೀಯ ರಜಾದಿನಗಳಲ್ಲೂ ಮುಚ್ಚಿರುತ್ತದೆ. ಸಂಜೆ 6ಕ್ಕೆ ಬಾಗಿಲು ಹಾಕುತ್ತಾರೆ, ಟಿಕೆಟ್ ಕೊಡುವುದನ್ನು ಅದಕ್ಕೂ ಮೊದಲೇ ನಿಲ್ಲಿಸಬಹುದು. ಬೆಳಗ್ಗೆ 11ರ ನಂತರ, ಮಧ್ಯಾಹ್ನ 4ರೊಳಗೆ ಒಳಗಿರುವಂತೆ ನೋಡಿಕೊಳ್ಳಿ. ಭಾರತೀಯರಿಗೆ ಟಿಕೆಟ್ 20 ರೂಪಾಯಿ. ವಿದೇಶಿಯರಿಗೆ 500. ಮಸ್ಕತ್ತಿನಿಂದಲೋ ನ್ಯೂಜೆರ್ಸಿಯಿಂದಲೋ ಬಂದ ನೆಂಟರು ಜೊತೆಗಿದ್ದರೆ ಅವರ ಭಾರತೀಯ ಗುರುತಿನ ಚೀಟಿ ಇಟ್ಟುಕೊಂಡಿರಿ.

ಯಾವ ದಿನ ಒಳ್ಳೆಯದು? ನನ್ನ ಉತ್ತರ ಶನಿವಾರ. ಭಾನುವಾರ ಎನ್‌ಜಿಎಂಎ ತೆರೆದಿರುತ್ತದೆ, ಆದರೆ ಸುತ್ತಲಿನ ಖಾಸಗಿ ಗ್ಯಾಲರಿಗಳಲ್ಲಿ ಹಲವು ಮುಚ್ಚಿರುತ್ತವೆ. ಜೊತೆಗೆ ಭಾನುವಾರ ರೈಲ್ವೆಯ ಮೆಗಾ ಬ್ಲಾಕ್ ಇರುತ್ತದೆ. ಮುಂಬಯಿಗೆ ಹೊಸಬರಾದವರಿಗೆ: ಹಳಿ ರಿಪೇರಿಗೆಂದು ಕೆಲವು ಗಂಟೆ ಲೋಕಲ್ ನಿಲ್ಲಿಸುವುದು ಅಥವಾ ಬೇರೆ ಹಳಿಗೆ ತಿರುಗಿಸುವುದೇ ಮೆಗಾ ಬ್ಲಾಕ್. ಭಾನುವಾರವೇ ಹೋಗಬೇಕಾದರೆ ಹಿಂದಿನ ದಿನ ನಿಮ್ಮ ಲೈನಿನ ಬ್ಲಾಕ್ ಸಮಯ ನೋಡಿಕೊಳ್ಳಿ. ಬೈಕಲಾದ ಡಾ. ಭಾವು ದಾಜಿ ಲಾಡ್ ಮ್ಯೂಸಿಯಂ ಅನ್ನೂ ಸೇರಿಸುವ ಯೋಚನೆ ಇದ್ದರೆ, ಅದಕ್ಕೆ ರಜೆ ಬುಧವಾರ.

ವೆಸ್ಟರ್ನ್ ಲೈನಿನವರು ಚರ್ಚ್‌ಗೇಟ್‌ನಲ್ಲಿ ಇಳಿದು ಓವಲ್ ಮೈದಾನದ ನಡುವಿನ ದಾರಿ ಹಿಡಿದು ನಡೆಯಬಹುದು. ಸೆಂಟ್ರಲ್ ಮತ್ತು ಹಾರ್ಬರ್‌ನವರು ಸಿಎಸ್‌ಎಂಟಿಯಲ್ಲಿ ಇಳಿದು ಹುತಾತ್ಮಾ ಚೌಕದ ಮೇಲೆ ಬರಬೇಕು. ಸ್ವಲ್ಪ ಉದ್ದ ನಡಿಗೆ. ಬಿಸಿಲಿಗೆ ಬೇಡ ಎನ್ನುವವರಿಗೆ ಬೆಸ್ಟ್ ಬಸ್ ಇದೆ, ಶೇರ್ ಟ್ಯಾಕ್ಸಿ ಇದೆ. ಅಂಧೇರಿ, ಬಾಂದ್ರಾ ಕಡೆಯವರಿಗೆ ಈಗ ಮೆಟ್ರೋ 3 ಅನುಕೂಲ. ಹುತಾತ್ಮಾ ಚೌಕ ನಿಲ್ದಾಣದಲ್ಲಿ ಇಳಿದು ನಡೆದು ಬನ್ನಿ. ಕಾರು ತರಬೇಡಿ. ಪಾರ್ಕಿಂಗ್ ಹುಡುಕುವ ಹೊತ್ತಿಗೆ ಒಂದು ಮಹಡಿ ನೋಡಿ ಮುಗಿಸಬಹುದು.

6. ಒಳಗೆ ಹೋದ ಮೇಲೆ

ಬ್ಯಾಗ್, ನೀರಿನ ಬಾಟಲಿ ಕೆಳಗೇ ಬಿಡಬೇಕಾಗುತ್ತದೆ. ಫೋನು, ಪರ್ಸು, ಕನ್ನಡಕ ತೆಗೆದುಕೊಳ್ಳಿ. ಫೋಟೋ ತೆಗೆಯಬಹುದೇ ಎಂದು ಕೌಂಟರಿನಲ್ಲೇ ಕೇಳಿ. ನಿಯಮ ಪ್ರದರ್ಶನದಿಂದ ಪ್ರದರ್ಶನಕ್ಕೆ ಬದಲಾಗುತ್ತದೆ, ಏಕೆಂದರೆ ಬೇರೆಯವರಿಂದ ಸಾಲ ತಂದ ಕೃತಿಗಳಿಗೆ ಅವರ ಷರತ್ತು ಇರುತ್ತದೆ. ಅನುಮತಿ ಇದ್ದರೂ ಫ್ಲಾಶ್ ಬೇಡ.

ಕಟ್ಟಡದ ಒಳಗು ಸ್ವಲ್ಪ ವಿಚಿತ್ರ. ಹಳೆಯ ಒಂದೇ ದೊಡ್ಡ ಹಾಲಿನೊಳಗೆ ಐದು ಹಂತ ಕಟ್ಟಿದ್ದಾರೆ. ಅರ್ಧ ಸುತ್ತಿನ ಗ್ಯಾಲರಿಗಳು, ನಡುವೆ ಮೆಟ್ಟಿಲು, ತುತ್ತತುದಿಯಲ್ಲಿ ಗುಮ್ಮಟದ ಕೆಳಗಿನ ಗ್ಯಾಲರಿ. ಎಷ್ಟೋ ಜನ ಕೆಳಗಿನ ಎರಡು ಹಂತದಲ್ಲೇ ಕಾಲು ಸೋತು, ಮೇಲೆ ಏನೂ ಇಲ್ಲವೇನೋ ಎಂದುಕೊಂಡು ಹೊರಟುಬಿಡುತ್ತಾರೆ. ಗುಮ್ಮಟದ ಗ್ಯಾಲರಿ ತಪ್ಪಿಸಿಕೊಳ್ಳಬೇಡಿ. ಇಡೀ ಕಟ್ಟಡದಲ್ಲಿ ನನಗೆ ಇಷ್ಟವಾದ ಜಾಗ ಅದು.

ನೋಡುವ ಕ್ರಮ ಹೀಗಿರಲಿ. ಮೊದಲು ಪ್ರವೇಶದ ಬಳಿ ಗೋಡೆಯ ಮೇಲಿರುವ ದೊಡ್ಡ ಬರಹ ಓದಿ. ಪೂರ್ತಿ ಅರ್ಥವಾಗಬೇಕಿಲ್ಲ. ಇಂಥ ಬರಹಗಳ ಇಂಗ್ಲಿಷ್ ಇಂಗ್ಲಿಷ್ ಮೇಷ್ಟ್ರಿಗೂ ಕಷ್ಟ. ಅದರಲ್ಲಿ ಎರಡು ವಿಷಯ ಹುಡುಕಿ: ಯಾವ ಕಾಲದ ಕೃತಿಗಳು, ಕಾಲಕ್ರಮದಲ್ಲಿ ಜೋಡಿಸಿದ್ದಾರೋ ವಿಷಯಕ್ರಮದಲ್ಲೋ. ಆಮೇಲೆ ಎಲ್ಲೂ ಜಾಸ್ತಿ ನಿಲ್ಲದೆ ಮೇಲಿನವರೆಗೂ ಒಂದು ಸುತ್ತು ಹೋಗಿಬನ್ನಿ. ಕಣ್ಣು ತಾನಾಗಿ ನಿಂತ ಚಿತ್ರಗಳನ್ನು ನೆನಪಿಟ್ಟುಕೊಳ್ಳಿ. ಇಳಿಯುವಾಗ ಆ ನಾಲ್ಕೈದರ ಮುಂದೆ ಮಾತ್ರ ನಿಧಾನವಾಗಿ ನಿಲ್ಲಿ. ಎಲ್ಲವನ್ನೂ ಸಮನಾಗಿ ನೋಡುತ್ತೇನೆಂದು ಹೊರಟರೆ ಮೂರನೇ ಹಂತದ ಹೊತ್ತಿಗೆ ಏನೂ ತಲೆಗೆ ಹೋಗುವುದಿಲ್ಲ.

ದೊಡ್ಡ ಚಿತ್ರವನ್ನು ಮೊದಲು ದೂರದಿಂದ ನೋಡಿ, ಆಮೇಲೆ ಹತ್ತಿರ ಹೋಗಿ. ಹತ್ತಿರ ಅಂದರೆ ಒಂದು ತೋಳಿನಳತೆ. ಬೆರಳು ತೋರಿಸಿ ವಿವರಿಸುವ ಅಭ್ಯಾಸ ನಮ್ಮಲ್ಲಿ ಜಾಸ್ತಿ, ಆ ಬೆರಳು ಕ್ಯಾನ್ವಾಸಿಗೆ ತಗಲುವುದು ಸುಲಭ. ಕೆಲವು ಕೋಣೆ ಮಬ್ಬಾಗಿದ್ದರೆ ದೀಪ ಕೆಟ್ಟಿದೆ ಎಂದುಕೊಳ್ಳಬೇಡಿ. ಕಾಗದದ ಮೇಲಿನ ಕೃತಿಗಳು, ಜಲವರ್ಣ, ಹಳೆಯ ಫೋಟೋ ಬೆಳಕಿಗೆ ಮಾಸುತ್ತವೆ. ಅವುಗಳಿಗೆ ಸುಮಾರು 50 ಲಕ್ಸ್‌ಗಿಂತ ಜಾಸ್ತಿ ಬೆಳಕು ಬೇಡ ಎಂಬುದು ಮ್ಯೂಸಿಯಂಗಳ ರೂಢಿ. ಲಕ್ಸ್ ಎಂದರೆ ಬೆಳಕಿನ ಅಳತೆ. ಎರಡು ನಿಮಿಷ ನಿಂತರೆ ಕಣ್ಣು ಹೊಂದಿಕೊಳ್ಳುತ್ತದೆ.

ಇನ್ನು ಪಕ್ಕದ ಚೀಟಿ. ಇದಕ್ಕೆ ಲೇಬಲ್ ಎನ್ನುತ್ತಾರೆ. ಕನ್ನಡದಲ್ಲಿ ಇರುವುದಿಲ್ಲ. ಮೇಲಿಂದ ಕೆಳಗೆ ಸಾಮಾನ್ಯವಾಗಿ ಹೀಗಿರುತ್ತದೆ: ಕಲಾವಿದರ ಹೆಸರು, ಕೃತಿಯ ಹೆಸರು, ವರ್ಷ, ಮಾಧ್ಯಮ, ಅಳತೆ, ಯಾರ ಸಂಗ್ರಹ. ಅಳತೆಯಲ್ಲಿ ಎತ್ತರ ಮೊದಲು, ಅಗಲ ಆಮೇಲೆ. "ಅನ್‌ಟೈಟಲ್ಡ್" ಎಂದರೆ ಹೆಸರಿಟ್ಟಿಲ್ಲ. ಅರ್ಥ ಹೀಗೇ ಮಾಡಿಕೊಳ್ಳಿ ಎಂದು ಹೇಳಲು ಕಲಾವಿದರಿಗೆ ಇಷ್ಟವಿಲ್ಲದಿರಬಹುದು. ಅಥವಾ ಹೆಸರಿಡಲು ಬೇಸರ ಬಂದಿರಬಹುದು, ಅದೂ ಉಂಟು.

ಮಾಧ್ಯಮದ ಸಾಲಿನಲ್ಲಿ ಕಾಣುವ ಕೆಲವು ಪದ: ಆಯಿಲ್ ಎಂದರೆ ಎಣ್ಣೆಯಲ್ಲಿ ಕಲಸಿದ ಬಣ್ಣ, ನಿಧಾನವಾಗಿ ಒಣಗುತ್ತದೆ, ಅದರಿಂದ ತಿದ್ದಲು ಸಮಯ ಸಿಗುತ್ತದೆ. ಅಕ್ರಿಲಿಕ್ ನೀರಿನಲ್ಲಿ ಕಲಸುವ, ಬೇಗ ಒಣಗುವ ಬಣ್ಣ. ಗ್ವಾಶ್ ಎಂದರೆ ಕೆಳಗಿನದು ಕಾಣದಂತೆ ದಟ್ಟವಾಗಿ ಕೂರುವ ಜಲವರ್ಣ. ಎಚ್ಚಿಂಗ್ ಎಂದರೆ ಲೋಹದ ತಗಡಿನ ಮೇಲೆ ಆಸಿಡ್‌ನಿಂದ ಗೆರೆ ಕೊರೆದು, ಆ ಗೆರೆಗೆ ಮಸಿ ತುಂಬಿ, ಕಾಗದಕ್ಕೆ ಒತ್ತುವುದು. ಲಿಥೋಗ್ರಾಫ್ ಎಂದರೆ ಚಪ್ಪಟೆ ಕಲ್ಲಿನ ಮೇಲೆ ಜಿಡ್ಡು ಮಸಿಯಲ್ಲಿ ಬರೆದು ಅಚ್ಚು ತೆಗೆಯುವುದು. ಎಣ್ಣೆಗೂ ನೀರಿಗೂ ಆಗಿಬರುವುದಿಲ್ಲ ಎಂಬುದೇ ಅದರ ಗುಟ್ಟು. ಇಂಥ ಅಚ್ಚುಗಳ ಕೆಳಗೆ ಪೆನ್ಸಿಲಿನಲ್ಲಿ 5/25 ಎಂದಿದ್ದರೆ, ಒಟ್ಟು 25 ಪ್ರತಿಗಳಲ್ಲಿ ಇದು ಐದನೆಯದು. ಇನ್‌ಸ್ಟಲೇಶನ್ ಎಂದರೆ ಒಂದು ಜಾಗವನ್ನೇ ಕೃತಿಯಾಗಿ ಜೋಡಿಸಿರುವುದು. ಅದರ ಒಳಗೆ ಹೋಗಬಹುದಾ ಎಂದು ಕೇಳಿಕೊಂಡೇ ಕಾಲಿಡಿ.

"ಪ್ರೋಗ್ರೆಸಿವ್" ಎಂಬ ಪದ ಇಲ್ಲಿನ ಬರಹಗಳಲ್ಲಿ ಪದೇ ಪದೇ ಬರುತ್ತದೆ. ಅದು 1947ರಲ್ಲಿ ಇದೇ ಊರಲ್ಲಿ ಹುಟ್ಟಿದ ಪ್ರೋಗ್ರೆಸಿವ್ ಆರ್ಟಿಸ್ಟ್ಸ್ ಗ್ರೂಪ್. ಗೋವಾದ ಸಾಲಿಗಾಂವ್‌ನಲ್ಲಿ ಹುಟ್ಟಿದ ಸೋಜಾ, ಸಿನಿಮಾ ಹೋರ್ಡಿಂಗ್ ಬರೆದು ಬದುಕುತ್ತಿದ್ದ ಹುಸೇನ್, ಜೊತೆಗೆ ರಝಾ, ಆರಾ, ಗಾಡೆ, ಬಾಕ್ರೆ. ಈ ಆರು ಹೆಸರು ನೆನಪಿದ್ದರೆ ಗೋಡೆ ಬರಹದ ಅರ್ಧ ಗೋಜಲು ಬಿಡುತ್ತದೆ.

ನಮ್ಮವರು ಕೇಳುವ ಇನ್ನೊಂದು ಪ್ರಶ್ನೆ: ಹೆಬ್ಬಾರರ ಚಿತ್ರ ಎಲ್ಲಿದೆ? ಕಟ್ಟಿಂಗೇರಿ ಕೃಷ್ಣ ಹೆಬ್ಬಾರ್ ಹುಟ್ಟಿದ್ದು 1911ರಲ್ಲಿ, ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ. ಮುಂಬಯಿಗೆ ಬಂದು ಜೆ.ಜೆ. ಸ್ಕೂಲ್ ಆಫ್ ಆರ್ಟ್‌ನಲ್ಲಿ ಓದಿದರು, ಅಲ್ಲೇ ಪಾಠವನ್ನೂ ಮಾಡಿದರು, 1996ರಲ್ಲಿ ಇದೇ ಊರಲ್ಲಿ ತೀರಿಕೊಂಡರು. ಜಹಾಂಗೀರ್ ಆರ್ಟ್ ಗ್ಯಾಲರಿ ಕಟ್ಟಿಸಬೇಕೆಂದು ಒತ್ತಾಯಿಸಿದವರಲ್ಲಿ ವಿಜ್ಞಾನಿ ಹೋಮಿ ಭಾಭಾ ಜೊತೆ ಹೆಬ್ಬಾರರೂ ಇದ್ದರು. ಎನ್‌ಜಿಎಂಎ ಸಂಗ್ರಹದಲ್ಲಿ ಅವರ ಕೃತಿಗಳಿವೆ. ಆದರೆ ಅವು ಸದಾ ಗೋಡೆಯ ಮೇಲಿರುವುದಿಲ್ಲ. ಅವರನ್ನೇ ನೋಡಬೇಕೆಂದರೆ ಎನ್‌ಜಿಎಂಎಗೆ ಕರೆ ಮಾಡಿದಾಗ ಅದನ್ನೂ ಕೇಳಿ. ಈಗಿನವರಲ್ಲಿ, ಮಂಗಳೂರಿನಲ್ಲಿ ಹುಟ್ಟಿ ಮುಂಬಯಿಯಲ್ಲಿ ಕೆಲಸ ಮಾಡುವ ಸುದರ್ಶನ್ ಶೆಟ್ಟಿ ಅವರ ಹೆಸರು ಯಾವ ಗ್ಯಾಲರಿಯ ಪಟ್ಟಿಯಲ್ಲಿ ಕಂಡರೂ ಹೋಗಿ.

7. ಮಕ್ಕಳು, ಹಿರಿಯರು, ಸಂಘದ ಗುಂಪು

ಮಕ್ಕಳಿಗೆ ಒಂದು ಸಣ್ಣ ನೋಟ್‌ಬುಕ್, ಪೆನ್ಸಿಲ್ ಕೊಡಿ. ಪೆನ್, ಬಣ್ಣ ಬೇಡ. "ಇದರ ಅರ್ಥ ಏನು" ಎಂದು ಅವರನ್ನು ಪರೀಕ್ಷೆ ಮಾಡಬೇಡಿ. "ಮನೆಗೆ ಒಂದು ತೆಗೆದುಕೊಂಡು ಹೋಗಬಹುದು ಅಂದರೆ ಯಾವುದು?" ಎಂದು ಕೇಳಿ ನೋಡಿ, ಇಡೀ ಗ್ಯಾಲರಿ ಸುತ್ತುತ್ತಾರೆ. ಆಧುನಿಕ ಕಲೆಯಲ್ಲಿ ನಗ್ನ ಚಿತ್ರಗಳು ಇರುತ್ತವೆ. ಮುಜುಗರ ಆಗುವವರು ಪ್ರದರ್ಶನದ ಫೋಟೋಗಳನ್ನು ಮೊದಲೇ ನೋಡಿಕೊಂಡು ಹೋಗಲಿ.

ಮಂಡಿನೋವಿನ ಹಿರಿಯರು ಇದ್ದರೆ ಮೆಟ್ಟಿಲಿನ ವಿಷಯ ಫೋನಿನಲ್ಲೇ ಹೇಳಿ, ಏನು ಅನುಕೂಲ ಇದೆ ಎಂದು ಕೇಳಿ. ಅವರಿಗೆ ಐದು ಹಂತ ಕಷ್ಟವಾದರೆ ಜಹಾಂಗೀರ್ ಆರ್ಟ್ ಗ್ಯಾಲರಿ ಸುಲಭ.

ಸಂಘದಿಂದ ಮೂವತ್ತು ಜನ ಹೋಗುವುದಾದರೆ ಸಂಸ್ಥೆಗೆ ಮೊದಲೇ ಪತ್ರ ಬರೆಯಿರಿ. ಗ್ಯಾಲರಿ ಒಳಗೆ ಹತ್ತು ಹತ್ತು ಜನರಾಗಿ ಒಡೆದುಕೊಳ್ಳಿ. ವಿವರಿಸುವ ಒಬ್ಬರು ಹಿಂದಿನ ವಾರವೇ ಹೋಗಿ ನೋಡಿಕೊಂಡು ಬಂದಿದ್ದರೆ ಕನ್ನಡದಲ್ಲೇ ವಾಕ್‌ಥ್ರೂ ಆಗುತ್ತದೆ.

8. ಬೆಲೆ ಕೇಳುವುದು ಎಲ್ಲಿ

ಎನ್‌ಜಿಎಂಎಯಲ್ಲಿ ಗೋಡೆಯ ಮೇಲಿನ ಚಿತ್ರ ಮಾರಾಟಕ್ಕಲ್ಲ. ಪ್ರದರ್ಶನದ ಕ್ಯಾಟಲಾಗ್ ಸಿಕ್ಕರೆ ಕೊಳ್ಳಿ, ಆಮೇಲೆ ಸಿಗುವುದು ಕಷ್ಟ.

ಜಹಾಂಗೀರ್ ಆರ್ಟ್ ಗ್ಯಾಲರಿಯಲ್ಲಿ ಕೊಳ್ಳಬಹುದು. ಅಲ್ಲಿ ಪ್ರವೇಶ ಉಚಿತ. ಪ್ರದರ್ಶನ ಸಾಮಾನ್ಯವಾಗಿ ಒಂದು ವಾರ, ಮಂಗಳವಾರದಿಂದ ಸೋಮವಾರ. ಕಲಾವಿದರು ಬಹುತೇಕ ಅಲ್ಲೇ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. ಮಾತಾಡಿಸಿ, ಬೆಲೆ ಕೇಳಲು ನಾಚಿಕೆ ಬೇಡ. ಲೇಬಲ್ ಮೇಲೆ ಕೆಂಪು ಚುಕ್ಕೆ ಇದ್ದರೆ ಆ ಕೃತಿ ಮಾರಿಹೋಗಿದೆ. ಸೋಮವಾರ ಸಂಜೆ ಹೋಗಬೇಡಿ, ಅರ್ಧ ಚಿತ್ರ ಇಳಿಸಿರುತ್ತಾರೆ.

9. ಇಷ್ಟೆಲ್ಲ ಮಾಡಿಯೂ ಬಾಗಿಲು ಮುಚ್ಚಿದ್ದರೆ

ವಾಪಸ್ ಹೋಗಬೇಡಿ. ರಸ್ತೆ ದಾಟಿದರೆ ವಸ್ತು ಸಂಗ್ರಹಾಲಯ. ಅದಕ್ಕೆ ಸೋಮವಾರ ರಜೆ ಇಲ್ಲ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2ರಂದು ಮಾತ್ರ ಮುಚ್ಚಿರುತ್ತದೆ. ಟಿಕೆಟ್ ದುಬಾರಿ, ಆದರೆ ಅದೇ ಟಿಕೆಟಿನಲ್ಲಿ ಶಿಲ್ಪಗಳಿಂದ ಹಿಡಿದು ಮಿನಿಯೇಚರ್ ಎಂಬ ಪುಟ್ಟ ಚಿತ್ರಗಳವರೆಗೆ ನೋಡಬಹುದು. ಜಹಾಂಗೀರ್ ನಿಕಲ್ಸನ್ ಸಂಗ್ರಹದ ಪ್ರದರ್ಶನ ಆ ದಿನ ತೆರೆದಿದೆಯೇ ಎಂದು ಟಿಕೆಟ್ ಕೊಳ್ಳುವ ಮೊದಲೇ ಕೇಳಿ.

ಅದೂ ಬೇಡವೆಂದರೆ ಜಹಾಂಗೀರ್ ಆರ್ಟ್ ಗ್ಯಾಲರಿಗೆ ಹೋಗಿ, ಒಂದೇ ಸಲಕ್ಕೆ ಮೂರು ನಾಲ್ಕು ಪ್ರದರ್ಶನ ಇರುತ್ತವೆ. ಅದರ ಹೊರಗೆ ಫುಟ್‌ಪಾತ್ ಮೇಲೂ ಕಲಾವಿದರು ಚಿತ್ರ ಇಟ್ಟಿರುತ್ತಾರೆ. ಕಾಲಾ ಘೋಡಾದಲ್ಲೇ ಇರುವ ಮ್ಯಾಕ್ಸ್ ಮುಲ್ಲರ್ ಭವನದ ಗ್ಯಾಲರಿಯಲ್ಲೂ ಏನಿದೆ ಎಂದು ಇಣುಕಿ ನೋಡಿ. ಹೊಸ ಬಗೆಯ ಕೆಲಸ ಇಷ್ಟಪಡುವವರು ಫೋರ್ಟ್‌ನ ಪ್ರೆಸ್ಕಾಟ್ ರೋಡ್‌ನಲ್ಲಿರುವ ಕೆಮೌಲ್ಡ್ ಗ್ಯಾಲರಿಗೆ ನಡೆದು ಹೋಗಬಹುದು. 1963ರಲ್ಲಿ ಶುರುವಾಗಿ, ಎಷ್ಟೋ ವರ್ಷ ಜಹಾಂಗೀರ್ ಕಟ್ಟಡದ ಮಹಡಿಯಲ್ಲಿದ್ದ ಗ್ಯಾಲರಿ ಅದು. ಖಾಸಗಿ ಗ್ಯಾಲರಿಗೆ ಟಿಕೆಟ್ ಇಲ್ಲ. ಬಾಗಿಲು ಹಾಕಿದಂತೆ ಕಂಡರೂ ಬೆಲ್ ಒತ್ತಿ, ತೆಗೆಯುತ್ತಾರೆ. ಕೊಳ್ಳಲು ಬಂದಿಲ್ಲ, ನೋಡಲು ಬಂದಿದ್ದೇನೆ ಎಂದು ಹೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಹೊರಡುವಾಗ ಅವರ ಇಮೇಲ್ ಪಟ್ಟಿಯಲ್ಲಿ ಹೆಸರು ಬರೆಸಿ ಬನ್ನಿ. ಮುಂದಿನ ಪ್ರದರ್ಶನದ ಸುದ್ದಿ ಫೋನಿಗೇ ಬರುತ್ತದೆ.